ಹೊಟ್ಟೆನೋವು ಸುಳ್ಳಲ್ಲ

1/11
ಕಳೆದ ವಾರ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ, ನೆನಪುಂಟಾ? "ಮನೆಯವರನ್ನು ಬಿಟ್ಟು ಹೋಗುವಾಗ ನಿಮ್ಮ ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಗ್ತದೆ?" ಅಂತ. ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಜಾಗ ಹೇಳಿದವು: ಹೊಟ್ಟೆ. ಆಮೇಲೆ ಗಂಟಲು. ಒಬ್ಬ ಮಾತ್ರ "ನಂಗೆ ಎಂತದೂ ಆಗುದಿಲ್ಲ, ಹಾಸ್ಟೆಲೇ ಸ್ವರ್ಗ" ಅಂದಿದ್ದಾನೆ. ಯಾರು ಅಂತ ಕ್ಲಾಸಿನವರಿಗೆಲ್ಲ ಗೊತ್ತುಂಟು, ಬಿಡಿ.

ಈ ಸಲದ ಸೀರೀಸ್ ಅದರ ಬಗ್ಗೆಯೇ. ಪುಸ್ತಕದಲ್ಲಿ ಅಗಲಿಕೆಯ ಆತಂಕ ಅಂತಾರೆ, ಇಂಗ್ಲಿಷಿನಲ್ಲಿ ಸೆಪರೇಶನ್ ಆಂಕ್ಸೈಟಿ. ನಮ್ಮ ಪುತ್ತೂರಿನಲ್ಲಿ ಅದಕ್ಕೆ ಹೆಸರೇ ಇಲ್ಲ. ತುಳುವಿನಲ್ಲಿ "ಅಪ್ಪೆನ್ ಬುಡ್ದ್ ಉಂತುಜಿ" ಅಂತಾರೆ, ಅಮ್ಮನ ಬಿಟ್ಟು ನಿಲ್ಲುದಿಲ್ಲ ಅಂತ. ಕನ್ನಡದಲ್ಲಿ "ಹಠ", "ಮುದ್ದು ಜಾಸ್ತಿಯಾಯ್ತು", "ನಾಟಕ". ದೊಡ್ಡವರಲ್ಲಿ ಕಂಡರೆ "ಅವರಿಗೆ ಮಕ್ಕಳ ಮೇಲೆ ಭಯಂಕರ ಪ್ರೀತಿ". ಅಲ್ಲಿಗೆ ಮುಗೀತು.

ನಾನು ಡಾಕ್ಟರ್ ಅಲ್ಲ, ಡಿಗ್ರಿಯಲ್ಲಿ ಮನಃಶಾಸ್ತ್ರ ಒಂದು ವಿಷಯವಾಗಿ ಓದಿದವಳು, ಅಷ್ಟೆ. ಆದರೆ ನಮ್ಮ ಮನೆಯಲ್ಲಿ ಇದು ಇಬ್ಬರಿಗೆ ಉಂಟು. ಒಬ್ಬಳಿಗೆ ಆರು ವರ್ಷ, ಇನ್ನೊಬ್ಬರಿಗೆ ನಲವತ್ತೇಳು. ಚಿಕ್ಕಮ್ಮನ ಮಗಳು ಪುಟ್ಟಿ ಮತ್ತು ನನ್ನ ಅಮ್ಮ. ಇಬ್ಬರ ಒಪ್ಪಿಗೆ ತಗೊಂಡೇ ಬರೆಯುವುದು. ಅಮ್ಮ ಪೂರ್ತಿ ಓದಿ, ಎರಡು ಸಾಲು ತೆಗೆಸಿದ್ರು. ಪುಟ್ಟಿಯ ಫೀಸು ಒಂದು ಐಸ್‌ಕ್ರೀಮ್.

2/11
ಮೊದಲು ಒಂದು ವಿಷಯ ಕ್ಲಿಯರ್ ಮಾಡುವ. ಅಮ್ಮನನ್ನು ಬಿಟ್ಟರೆ ಅಳುವುದು ರೋಗ ಅಲ್ಲ. ಎಂಟು-ಹತ್ತು ತಿಂಗಳ ಮಗು ಅಳುವುದು ಸಹಜವೇ.

ನಾಲ್ಕು ತಿಂಗಳ ಮಗುವನ್ನು ಯಾರು ಎತ್ತಿಕೊಂಡರೂ ನಗ್ತದೆ, ಗಮನಿಸಿದ್ದೀರಾ? ಆರರಿಂದ ಎಂಟು ತಿಂಗಳ ಹೊತ್ತಿಗೆ ಆಟವೇ ಬದಲು. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಂಬವಳು ಎಲ್ಲಿಯೋ ಇದ್ದಾಳೆ ಅಂತ ಅದಕ್ಕೆ ಆಗ ಗೊತ್ತಾಗಲು ಶುರು. ಇದ್ದಾಳೆ ಅಂತ ಗೊತ್ತು, ಯಾವಾಗ ಬರ್ತಾಳೆ ಅಂತ ಗೊತ್ತಿಲ್ಲ. ಗಂಟೆ-ನಿಮಿಷದ ಲೆಕ್ಕ ಇಲ್ಲದ ತಲೆಗೆ ಅದು ಎಷ್ಟು ಕಷ್ಟ ನೋಡಿ. ಸೆರಗಿನ ಹಿಂದೆ ಮುಖ ಮುಚ್ಚಿ "ಕೂ..." ಅಂತ ತೆಗೆಯುವ ಆಟ ಉಂಟಲ್ಲ, ಅದು ನಿಜವಾಗಿ ಇದಕ್ಕೇ ಟ್ಯೂಶನ್. ಹೋದದ್ದು ತಿರುಗಿ ಬರ್ತದೆ ಅಂತ ನೂರು ಸಲ ಪಾಠ. ನಮ್ಮ ಅಜ್ಜಿಯಂದಿರು ಯಾವ ಕೋರ್ಸೂ ಮಾಡದೆ ಅದನ್ನು ಮಾಡಿಸಿದ್ದಾರೆ.

ಒಂದು ವರ್ಷದ ಆಸುಪಾಸಿನಲ್ಲಿ ಅಳು ಜೋರಾಗ್ತದೆ, ಮೂರು ವರ್ಷದ ಹೊತ್ತಿಗೆ ಸಾಧಾರಣ ತಗ್ಗುತ್ತದೆ. ಅಂಗನವಾಡಿಗೆ ಸೇರಿಸುವಾಗ, ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೋಗುವಾಗ ಒಂದೆರಡು ವಾರ ತಿರುಗಿ ಬರಬಹುದು. ನಮ್ಮ ಕಡೆ ಶಾಲೆ ಶುರುವಾಗುವುದು, ಮಳೆ ಶುರುವಾಗುವುದು ಎರಡೂ ಒಟ್ಟಿಗೇ. ಹೊಸ ಕೊಡೆ, ಹೊಸ ಚಪ್ಪಲಿ, ಕತ್ತಲೆ ಕಟ್ಟಿದ ಬೆಳಿಗ್ಗೆ. ಅಳದ ಮಕ್ಕಳೇ ಗಟ್ಟಿ ಅನ್ನಬೇಕು.

3/11
ದೊಡ್ಡ ದೊಡ್ಡ ಡಾಕ್ಟರುಗಳಿಗೇ ಇದು ಅರ್ಥವಾಗಲು ತುಂಬ ಸಮಯ ಹಿಡಿಯಿತು. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಒಂದು ಸಣ್ಣ ಸಿನಿಮಾ ತೆಗೆದರು. ಎರಡು ವರ್ಷದ ಲಾರಾ ಎಂಬ ಹುಡುಗಿ ಹರ್ನಿಯಾ ಆಪರೇಶನ್‌ಗೆ ಎಂಟು ದಿನ ಆಸ್ಪತ್ರೆಯಲ್ಲಿ ಇರುವುದು, ಅಷ್ಟೇ ಕಥೆ. ಆಗ ಅಲ್ಲಿ ಮಕ್ಕಳ ಜೊತೆ ತಾಯಿ ಉಳಿಯುವಂತಿರಲಿಲ್ಲ. "ತಾಯಿ ಬಂದು ಹೋದರೆ ಮಕ್ಕಳು ಅಳುತ್ತವೆ, ಬರದಿದ್ದರೆ ಸುಮ್ಮನಿರುತ್ತವೆ" ಅಂತ ಆಸ್ಪತ್ರೆಯವರ ಲೆಕ್ಕ. ಸಿನಿಮಾ ತೋರಿಸಿದ್ದು ಆ ಸುಮ್ಮನಿರುವುದು ಎಂತದ್ದು ಅಂತ. ತಾಯಿ ಬಂದಾಗ ಮಗು ಮುಖ ತಿರುಗಿಸ್ತದೆ. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಬೇಡವೇ ಬೇಡ ಎಂಬ ದೂರ, ಹೀಗೆ ಮೂರು ಹಂತ ಅಂತ ರಾಬರ್ಟ್‌ಸನ್ ವಿವರಿಸಿದರು. 1959ರಲ್ಲಿ ಪ್ಲಾಟ್ ವರದಿ ಬಂದು, ಮಕ್ಕಳನ್ನು ನೋಡಲು ತಂದೆತಾಯಿಯನ್ನು ಬಿಡಬೇಕು ಅಂತ ಹೇಳಿತು.

ರಾಬರ್ಟ್‌ಸನ್ ಜೊತೆ ಕೆಲಸ ಮಾಡಿದವರು ಜಾನ್ ಬೌಲ್ಬಿ. ಸೈಕಾಲಜಿ ತಗೊಂಡವರಿಗೆ ಎರಡು ಮಾರ್ಕಿನ ಪ್ರಶ್ನೆ. ಅವರ ಬಗ್ಗೆ ನನಗೆ ಇಷ್ಟವಾದ ವಿಷಯ ಬೇರೆ: ಸಣ್ಣವರಿದ್ದಾಗ ಅವರನ್ನು ನೋಡಿಕೊಂಡದ್ದು ಅಮ್ಮನಿಗಿಂತ ಹೆಚ್ಚು ಒಬ್ಬಳು ಆಯಾ. ನಾಲ್ಕು ವರ್ಷ ಆಗುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು. ಅದು ತಾಯಿಯನ್ನೇ ಕಳಕೊಂಡ ಹಾಗಿತ್ತು ಅಂತ ಮುದುಕರಾದ ಮೇಲೂ ಅವರಿಗೆ ನೆನಪಿತ್ತು. ಆ ಮನುಷ್ಯ ಮುಂದೆ 1973ರಲ್ಲಿ ಅಗಲಿಕೆಯ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು.

4/11
ಈಗ ಪುಟ್ಟಿ.

ಹೋದ ವರ್ಷ ಒಂದನೇ ಕ್ಲಾಸು. ಮೊದಲ ವಾರ ಅತ್ತಳು, ಎಲ್ಲರೂ ಅಳ್ತಾರೆ. ಎರಡನೇ ವಾರ ಬೇರೆ ಮಕ್ಕಳು ಸುಮ್ಮನಾದರು, ಇವಳಿಗೆ ಹೊಟ್ಟೆನೋವು ಶುರು. ಆದಿತ್ಯವಾರ ಸಂಜೆ ಚಾ ಕುಡಿಯುವ ಹೊತ್ತಿಗೆ ಸಣ್ಣಗೆ, ಸೋಮವಾರ ಬೆಳಿಗ್ಗೆ ಏಳಕ್ಕೆ ಜೋರು, ಒಂಬತ್ತೂವರೆಗೆ ಶಾಲೆಯ ವ್ಯಾನು ಹೋಯ್ತಾ, ಹತ್ತಕ್ಕೆ ದೋಸೆ ಕೇಳ್ತಾಳೆ. ಎಲ್ಲರೂ ನಕ್ಕರು. ಚಿಕ್ಕಪ್ಪ "ಕಳ್ಳಿ" ಅಂತ ಹೆಸರಿಟ್ಟರು.

ಆದರೆ ನೋವು ನಿಜವೇ. ಹೆದರಿಕೆಯಾದಾಗ ಮೈ ಓಡಲು ರೆಡಿಯಾಗ್ತದೆ. ಎದೆ ಬಡಿತ ಏರ್ತದೆ, ರಕ್ತ ಕೈಕಾಲಿನ ಕಡೆ ಹೋಗ್ತದೆ, ಜೀರ್ಣದ ಕೆಲಸ ಅರ್ಧಕ್ಕೆ ನಿಲ್ತದೆ. ಕರುಳಿನಲ್ಲಿ ನರಗಳ ದೊಡ್ಡ ಜಾಲವೇ ಉಂಟು, ಅದಕ್ಕೆ ಮಿದುಳಿನ ಜೊತೆ ನೇರ ಸಂಪರ್ಕ. ಪರೀಕ್ಷೆಯ ದಿನ ಬೆಳಿಗ್ಗೆ ನಮಗೆ ಆಗುವುದೂ ಅದೇ. ಹೆದರಿಕೆ ಇಳಿದ ಮೇಲೆ ನೋವು ಇಳೀತದೆ, ಹಸಿವಾಗ್ತದೆ. ಅಂದರೆ ಹತ್ತು ಗಂಟೆಯ ದೋಸೆ ಏಳು ಗಂಟೆಯ ನೋವು ಸುಳ್ಳು ಅಂತ ಸಾಬೀತು ಮಾಡುದಿಲ್ಲ. ನೋವಿಗೆ ಕಾರಣ ಎಂತದ್ದು ಅಂತ ಹೇಳ್ತದೆ.

ಮಕ್ಕಳ ಡಾಕ್ಟರ್ ಹೊಟ್ಟೆ ನೋಡಿದರು, ಮೂತ್ರ ಪರೀಕ್ಷೆ, ಸ್ಕ್ಯಾನ್. ಎಲ್ಲ ಸರಿ. (ಇದು ಮಾಡಿಸಲೇಬೇಕು. "ಆತಂಕವೇ ಇರ್ಬೇಕು" ಅಂತ ಇನ್‌ಸ್ಟಾ ನೋಡಿ ಡಿಸೈಡ್ ಮಾಡಬೇಡಿ, ನನ್ನ ಪೋಸ್ಟ್ ನೋಡಿಯೂ ಬೇಡ.) ಅಜ್ಜಿ ನೂಲು ಕಟ್ಟಿಸಿ ತಂದರು. ನೂಲಿನಿಂದ ಹಾಳೇನೂ ಆಗಲಿಲ್ಲ, ಎರಡು ದಿನ ಪುಟ್ಟಿಗೆ ಅದು ಕೈಯಲ್ಲಿದೆ ಎಂಬ ಧೈರ್ಯ. ಮೂರನೇ ದಿನ ತಿರುಗಿ ಹೊಟ್ಟೆನೋವು.

5/11
ಶಾಲೆಯಲ್ಲಿ ಎಂತಾದರೂ ಆಗಿದೆಯಾ ಅಂತ ಮೊದಲು ನೋಡಬೇಕು. ಯಾರಾದರೂ ಹೊಡೀತಾರಾ, ಟಾಯ್ಲೆಟ್ಟಿಗೆ ಹೋಗಲು ಹೆದರಿಕೆಯಾ, ಅಕ್ಷರ ಗೊತ್ತಾಗುದಿಲ್ವಾ, ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದ್ದಾರಾ. ಶಾಲೆಗೆ ಹೋಗದ ಮಗುವಿಗೆಲ್ಲ ಅಗಲಿಕೆಯ ಆತಂಕ ಅಂತ ಬೋರ್ಡು ಹಾಕಿದರೆ ಇಂಥ ವಿಷಯ ಅಡಿಗೆ ಬೀಳ್ತದೆ. ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದೇ.

ಪುಟ್ಟಿಗೆ ಟೀಚರ್ ಇಷ್ಟ, ಬಿಸಿಯೂಟ ಇಷ್ಟ, ಪಕ್ಕದಲ್ಲಿ ಕೂರುವ ಹುಡುಗಿ ಇಷ್ಟ. ಮತ್ತೆಂತ?

ಒಂದು ಸಂಜೆ ನಾನು ಅವಳ ಹತ್ತಿರ "ಏಕೆ ಹೋಗುದಿಲ್ಲ" ಅಂತ ಕೇಳುವ ಬದಲು "ನೀನು ಶಾಲೆಯಲ್ಲಿ ಇರುವಾಗ ಅಮ್ಮ ಎಂತ ಮಾಡ್ತಾ ಇರ್ತಾರೆ, ಬಿಡಿಸು ನೋಡುವ" ಅಂತ ಕಾಗದ ಕೊಟ್ಟೆ. ತೋಟ ಬಿಡಿಸಿದಳು. ಕೆರೆ ಬಿಡಿಸಿದಳು. ಕೆರೆಯ ಒಳಗೆ ಅಮ್ಮ. ಈಜುವುದಾ ಅಂತ ಕೇಳಿದೆ. "ಇಲ್ಲ, ಜಾರಿದ್ದು. ನಾನು ಮನೆಯಲ್ಲಿದ್ರೆ ಕರೀಬಹುದು, ಅಜ್ಜಿಗೆ ಕಿವಿ ಕೇಳುದಿಲ್ಲ ಅಲ್ವಾ."

ಆರು ವರ್ಷದ ಹುಡುಗಿ ಪ್ರತಿ ದಿನ ಒಂಬತ್ತೂವರೆಗೆ ಡ್ಯೂಟಿ ಬಿಟ್ಟು ಹೋಗುವ ಕಾವಲುಗಾರ್ತಿ. ಅವಳಿಗೆ ಶಾಲೆಯ ಹೆದರಿಕೆ ಇರಲೇ ಇಲ್ಲ. ಮನೆಯ ಹೆದರಿಕೆ.

6/11
ಡಾಕ್ಟರುಗಳು ಇದನ್ನು ಹೇಗೆ ಅಳೀತಾರೆ ಅಂತ ಚುಟುಕಾಗಿ. ಎಂಟು ಲಕ್ಷಣಗಳ ಪಟ್ಟಿ ಉಂಟು. ಬಿಡುವ ಮೊದಲೇ ಅಥವಾ ಬಿಡುವಾಗ ವಿಪರೀತ ಸಂಕಟ, ಹತ್ತಿರದವರಿಗೆ ಎಂತಾದರೂ ಆದೀತು ಅಂತ ಚಿಂತೆ, ತಾನೇ ಕಳೆದುಹೋದೇನು ಅಂತ ಚಿಂತೆ, ಹೊರಗೆ ಹೋಗಲು ಒಪ್ಪದಿರುವುದು, ಒಬ್ಬರೇ ಇರಲು ಹೆದರಿಕೆ, ಬೇರೆ ಕಡೆ ಮಲಗದಿರುವುದು, ಅಗಲುವ ಕೆಟ್ಟ ಕನಸು, ತಲೆನೋವು-ಹೊಟ್ಟೆನೋವು-ವಾಂತಿ. ಇದರಲ್ಲಿ ಮೂರಾದರೂ ಇರಬೇಕು, ವಯಸ್ಸಿಗೆ ಮೀರಿ ಇರಬೇಕು, ಶಾಲೆಗೋ ಕೆಲಸಕ್ಕೋ ಅಡ್ಡಿಯಾಗಬೇಕು. ಮಕ್ಕಳಲ್ಲಿ ಕನಿಷ್ಠ 4 ವಾರ, ದೊಡ್ಡವರಲ್ಲಿ ಸಾಮಾನ್ಯವಾಗಿ 6 ತಿಂಗಳು.

ದೊಡ್ಡವರಲ್ಲಿ ಅಂದೆ, ಅಲ್ವಾ? ಅದು ಹೊಸ ವಿಷಯ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 18 ವರ್ಷದ ಒಳಗೆ ಶುರುವಾಗಿದ್ದರೆ ಮಾತ್ರ ಈ ಹೆಸರು ಅಂತ ನಿಯಮ ಇತ್ತು. 2013ರ ಆವೃತ್ತಿಯಲ್ಲಿ ಅದನ್ನು ತೆಗೆದರು. 2015ರಲ್ಲಿ 18 ದೇಶಗಳ ಸಮೀಕ್ಷೆಯ ಲೆಕ್ಕ ಬಂತು: ಜೀವನದಲ್ಲಿ ಯಾವಾಗಾದರೂ ಇದು ಬಂದವರು ನೂರಕ್ಕೆ 4.8. ಅವರಲ್ಲಿ 43 ಶೇಕಡಕ್ಕೆ ಶುರುವಾದದ್ದೇ 18 ದಾಟಿದ ಮೇಲೆ.

ಆ 43 ಅಂತ ಓದಿದಾಗ ನಾನು ಪುಸ್ತಕ ಮುಚ್ಚಿ ಅಡಿಗೆಮನೆಯ ಕಡೆ ನೋಡಿದೆ.

7/11
ನನ್ನ ಅಮ್ಮ ಸಣ್ಣವರಿದ್ದಾಗ ಧೈರ್ಯದವರು. ಉಪ್ಪಿನಂಗಡಿಯ ಹೈಸ್ಕೂಲಿಗೆ ಒಬ್ಬರೇ ನಡೆದು ಹೋದವರು, ಮಳೆಗಾಲದಲ್ಲಿ ಸಂಗಮದ ನೀರು ಏರುವುದನ್ನು ನೋಡಲು ಓಡಿದವರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆಟಿ ತಿಂಗಳಲ್ಲಿ ಅಮ್ಮ ಎರಡು ದಿನಕ್ಕೆ ತವರಿಗೆ ಹೋಗಿದ್ದರು. ಮಳೆ ಸ್ವಲ್ಪ ಬಿಟ್ಟಿತು, ಅಡಿಕೆಗೆ ಮದ್ದು ಬಿಡದಿದ್ದರೆ ಕೊಳೆರೋಗ ಬರ್ತದೆ. ಮರ ಹತ್ತುವವರು ಸಿಗಲಿಲ್ಲ, ಅಪ್ಪನೇ ಹತ್ತಿದರು. ಜಾರಿದರು. ಸೊಂಟದ ಮೂಳೆ. ಮಂಗಳೂರಿನ ಆಸ್ಪತ್ರೆಯಲ್ಲಿ ನಲವತ್ತು ದಿನ. ಅಪ್ಪ ಈಗ ನಡೀತಾರೆ, ಸ್ಕೂಟರ್ ಓಡಿಸ್ತಾರೆ, ಮಳೆ ಬಂದರೆ ಸ್ವಲ್ಪ ಕುಂಟ್ತಾರೆ. ಗುಣವಾಗದೆ ಉಳಿದದ್ದು ಅಮ್ಮನ ಒಂದು ವಾಕ್ಯ: "ನಾನು ಮನೆಯಲ್ಲಿ ಇಲ್ಲದ ದಿನವೇ ಆಯ್ತಲ್ಲ."

ಅಲ್ಲಿಂದ ಅಮ್ಮ ತವರಿನಲ್ಲಿ ಒಂದು ರಾತ್ರಿಯೂ ಉಳಿದಿಲ್ಲ. ಅವರ ತಮ್ಮನ ಮದುವೆಗೂ ಬೆಳಿಗ್ಗೆ ಹೋಗಿ ಸಂಜೆ ಬಂದರು. ಏಪ್ರಿಲ್ 17ರ ರಥದ ದಿನ ದೇವರಮಾರು ಗದ್ದೆಯ ಜನದಲ್ಲಿ ಇವತ್ತಿಗೂ ನನ್ನ ಮಣಿಕಟ್ಟು ಹಿಡೀತಾರೆ, ನನಗೆ ಇಪ್ಪತ್ತೊಂದು. ಕಾಲೇಜಿನಿಂದ ಬಸ್ಸು ಹದಿನೈದು ನಿಮಿಷ ಲೇಟಾದರೆ ಕಾಲ್. ತೆಗೀದಿದ್ದರೆ ಇನ್ನೊಂದು. ಒಂದು ದಿನ ಹನ್ನೊಂದು. ಕ್ಲಾಸಿನವರು "ಕಸ್ಟಮರ್ ಕೇರ್ ಕಾಲ್ ಬಂತು" ಅಂತ ನಗುವುದು ಅದಕ್ಕೇ. ನಗಿ, ಬೇಜಾರಿಲ್ಲ.

ಮನೆಯಲ್ಲಿ ಎಲ್ಲರೂ ಸೇರಿ ಅಮ್ಮನ ಸುತ್ತ ಒಂದು ವ್ಯವಸ್ಥೆ ಕಟ್ಟಿಬಿಟ್ಟಿದ್ದೆವು. ಅಪ್ಪ ಪೇಟೆಗೆ ಹೋದರೆ ಮೂರು ಫೋನು, ನನ್ನ ಲೈವ್ ಲೊಕೇಶನ್ ಯಾವಾಗಲೂ ಆನ್, ಯಾರಿಗೂ ರಾತ್ರಿ ಪ್ರಯಾಣ ಇಲ್ಲ. ಪ್ರೀತಿಯಿಂದಲೇ ಆದದ್ದು, ಇವತ್ತು ಜಗಳ ಬೇಡ ಅಂತ. ಮನಃಶಾಸ್ತ್ರದಲ್ಲಿ ಇದಕ್ಕೆ ಹೊಂದಿಕೊಂಡು ಹೋಗುವುದು ಎಂಬ ಅರ್ಥದ ಹೆಸರು ಉಂಟು. ಹೆದರಿಕೆಗೆ ನಾವು ಬಾಡಿಗೆ ಕಟ್ತಾ ಹೋಗುವುದು. ಬಾಡಿಗೆ ಪ್ರತಿ ವರ್ಷ ಏರ್ತದೆ.

8/11
ಚಿಕಿತ್ಸೆಗೆ ಬರುವ. ಇದಕ್ಕೆ ಚಿಕಿತ್ಸೆ ಉಂಟು, ಚೆನ್ನಾಗಿಯೇ ಕೆಲಸ ಮಾಡ್ತದೆ.

ಮೊದಲು ಒಂದು ಬೇಡದ್ದು. ಎಲ್ಲ ಹಿರಿಯರೂ ಕೊಡುವ ಸಲಹೆ: "ಅವಳು ಆಟದಲ್ಲಿ ಇರುವಾಗ ಕಣ್ಣು ತಪ್ಪಿಸಿ ಹೋಗು." ಅಂದಿನ ಅಳು ಉಳಿಯುತ್ತದೆ, ನಿಜ. ಆದರೆ ಮಗು ಕಲಿಯುವ ಪಾಠ ಏನು? ನಾನು ಒಂದು ನಿಮಿಷ ಆಚೆ ನೋಡಿದರೆ ಅಮ್ಮ ಮಾಯ ಆಗ್ತಾರೆ. ಮರುದಿನದಿಂದ ಆಟ ಬಿಟ್ಟು ಸೆರಗು ಹಿಡಿಯುವುದು ಶುರು. ಹೇಳಿಯೇ ಹೋಗಬೇಕು. ಚಿಕ್ಕದಾಗಿ, ನಗುಮುಖದಲ್ಲಿ, ಒಂದೇ ಸಲ. ಗೇಟಿನಿಂದ ಮೂರು ಸಲ ತಿರುಗಿ ಬಂದು ಮುತ್ತು ಕೊಟ್ಟರೆ, ಇಲ್ಲಿ ಏನೋ ಅಪಾಯ ಉಂಟು ಅಂತ ಮಗು ತಿಳೀತದೆ.

ಪುಟ್ಟಿಯನ್ನು ಮಂಗಳೂರಿನಲ್ಲಿ ಒಬ್ಬ ಕೌನ್ಸೆಲರ್ ಹತ್ತಿರ ಕರಕೊಂಡು ಹೋದರು. ಅವರು ಮಾಡಿಸಿದ್ದು ಏಣಿ. ಕೆಳಗಿನ ಮೆಟ್ಟಿಲು ಸುಲಭದ್ದು, ಮೇಲಿನದ್ದು ಕಷ್ಟದ್ದು, ಒಂದೊಂದರಲ್ಲೂ ಹೆದರಿಕೆ ತಾನಾಗಿ ಇಳಿಯುವವರೆಗೆ ನಿಲ್ಲುವುದು. ಪುಟ್ಟಿಯ ಮೊದಲ ಮೆಟ್ಟಿಲು: ಅಮ್ಮ ತೋಟಕ್ಕೆ, ಅವಳು ಜಗಲಿಯಲ್ಲಿ, ಹತ್ತು ನಿಮಿಷ. ಎರಡನೆಯದು ಅಮ್ಮ ಕೆರೆಯ ಬದಿಗೇ ಹೋಗಿ ಬರುವುದು. ಅದಕ್ಕೆ ನಾಲ್ಕು ದಿನ ಹಿಡಿಯಿತು. ಆಮೇಲೆ ಬಾಲವನ. ಪರ್ಲಡ್ಕದಲ್ಲಿ ಕಾರಂತರು ಇದ್ದ ಜಾಗ, ನಾವೆಲ್ಲ ಶಾಲೆಯಿಂದ ಹೋದದ್ದೇ. ಅಲ್ಲಿ ಪುಟ್ಟಿ ನನ್ನ ಜೊತೆ ಜೋಕಾಲಿಯಲ್ಲಿ, ಚಿಕ್ಕಮ್ಮ ಪೇಟೆಗೆ ಹೋಗಿ ಒಂದು ಗಂಟೆಯಲ್ಲಿ ವಾಪಸ್. ಮೊದಲ ಸಲ ಅವಳು ಜೋಕಾಲಿಯಿಂದ ಇಳಿದು ಗೇಟಿನ ಹತ್ತಿರವೇ ನಿಂತಳು, ನಾನೂ ನಿಂತೆ. ಮೂರನೇ ಸಲ ಚಿಕ್ಕಮ್ಮ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಶಾಲೆಗೆ ಮೊದಲು ಒಂದು ಪಿರಿಯಡ್, ಆಮೇಲೆ ಬಿಸಿಯೂಟದವರೆಗೆ, ಆಮೇಲೆ ಪೂರ್ತಿ. ಟೀಚರ್ ಅವಳಿಗೆ ಹಾಜರಿ ಪುಸ್ತಕ ತರುವ ಕೆಲಸ ಕೊಟ್ಟರು. ಆ ಟೀಚರ್‌ಗೆ ನಾನು ಮನಸ್ಸಿನಲ್ಲೇ ಕಾಲು ಹಿಡಿದಿದ್ದೇನೆ. ಮನೆಯಲ್ಲಿ ಉಳಿದ ದಿನ ಟಿವಿ ಇಲ್ಲ, ಮೊಬೈಲ್ ಇಲ್ಲ, ಅಮ್ಮನ ಮಡಿಲೂ ಇಲ್ಲ. ಬೈಗುಳವೂ ಇಲ್ಲ.

"ಕೆರೆಗೆ ಬೀಳುದಿಲ್ಲ, ಹೆದರಬೇಡ" ಅಂತ ದಿನಕ್ಕೆ ಹತ್ತು ಸಲ ಹೇಳುವುದನ್ನೂ ನಿಲ್ಲಿಸಲು ಹೇಳಿದರು. ಬದಲಿಗೆ: "ನಿನಗೆ ಹೆದರಿಕೆ ಆಗ್ತಾ ಉಂಟು ಅಂತ ನನಗೆ ಗೊತ್ತು. ಹೆದರಿಕೆ ಇದ್ದರೂ ನಿನ್ನಿಂದ ಆಗ್ತದೆ ಅಂತಲೂ ಗೊತ್ತು." ಎರಡೂ ಒಟ್ಟಿಗೆ. ಒಂದನ್ನು ಮಾತ್ರ ಹೇಳಿದರೆ ಕೆಲಸ ಮಾಡುದಿಲ್ಲ.

ನವರಾತ್ರಿ ಹೊತ್ತಿಗೆ ಹೊಟ್ಟೆನೋವು ಹೋಯ್ತು. ಕ್ರಿಸ್ಮಸ್ ರಜೆ ಕಳೆದು ತಿರುಗಿ ಬಂತು, ನಾಲ್ಕು ದಿನ. ರಜೆ, ಜ್ವರ ಕಳೆದ ಮೇಲೆ ಹೀಗೆ ಬರ್ತದೆ ಅಂತ ಮೊದಲೇ ಹೇಳಿದ್ದರಿಂದ ಯಾರೂ ಗಾಬರಿ ಆಗಲಿಲ್ಲ. ಏಣಿಯ ಎರಡು ಮೆಟ್ಟಿಲು ಕೆಳಗಿನಿಂದ ತಿರುಗಿ ಶುರು ಮಾಡಿದ್ದು.

9/11
ಲೆಕ್ಕ ಬೇಕು ಅಂತ ಕಮೆಂಟ್ ಮಾಡುವವರಿಗೆ. ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು, 2008ರಲ್ಲಿ ಪ್ರಕಟವಾಯಿತು. ಅಗಲಿಕೆಯದ್ದೂ ಸೇರಿ ಮೂರು ಬಗೆಯ ಆತಂಕದ ಮಕ್ಕಳು. 12 ವಾರ. ಏಣಿಯಂಥ ಅಭ್ಯಾಸ ಇರುವ ಮಾತಿನ ಚಿಕಿತ್ಸೆ, ಅಂದರೆ ಸಿಬಿಟಿ, ಪಡೆದವರಲ್ಲಿ 59.7 ಶೇಕಡ ಚೆನ್ನಾಗಿ ಸುಧಾರಿಸಿದರು. ಸರ್ಟ್ರಾಲಿನ್ ಎಂಬ ಮಾತ್ರೆ ಮಾತ್ರ ಪಡೆದವರಲ್ಲಿ 54.9. ಎರಡೂ ಒಟ್ಟಿಗೆ ಪಡೆದವರಲ್ಲಿ 80.7. ಬರೀ ಖಾಲಿ ಮಾತ್ರೆ ಪಡೆದವರಲ್ಲಿ 23.7.

ಇನ್ನೊಂದು ನನಗೆ ಭಾರೀ ಖುಷಿ ಕೊಟ್ಟದ್ದು. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ತಂಡ ಮಗುವನ್ನು ಕರೆಯುವುದೇ ಇಲ್ಲ, ತಂದೆತಾಯಿಗೆ ಮಾತ್ರ ತರಬೇತಿ: ಬಾಡಿಗೆ ಕಟ್ಟುವುದನ್ನು ಹೇಗೆ ಕಡಿಮೆ ಮಾಡುವುದು ಅಂತ. 2020ರ ಅವರ ಅಧ್ಯಯನದಲ್ಲಿ, ಮಕ್ಕಳಿಗೇ ಸಿಬಿಟಿ ಕೊಟ್ಟಷ್ಟೇ ಫಲ ಇದರಿಂದಲೂ ಸಿಕ್ಕಿತು. "ಮಗು ಡಾಕ್ಟರ ಹತ್ತಿರ ಬರಲು ಒಪ್ಪುದಿಲ್ಲ" ಎಂಬ ಮನೆಗಳಿಗೆ ಇದು ದೊಡ್ಡ ವಿಷಯ.

ಮಾತ್ರೆ ಬೇಕಾ ಬೇಡವಾ ಅಂತ ಮನೋವೈದ್ಯರೇ ಹೇಳಬೇಕು. ಮೆಡಿಕಲಿನಿಂದ ನಿದ್ದೆ ಮಾತ್ರೆ ತಂದು ಕೊಡುವವರೂ ಇದ್ದಾರೆ, ಅದು ಬೇರೆ ಕಥೆ, ಬೇಡ. ಸರಿಯಾದ ಮಾತ್ರೆಯೂ ಫಲ ತೋರಿಸಲು ಕೆಲವು ವಾರ ತಗೊಳ್ತದೆ, ನಡುವೆ ತಾವೇ ನಿಲ್ಲಿಸಬಾರದು. ದೊಡ್ಡವರ ಮೇಲೆ ಅಧ್ಯಯನಗಳು ಕಡಿಮೆ. ಆದರೆ ದಾರಿ ಅದೇ: ಸಿಬಿಟಿ, ಮೆಟ್ಟಿಲು, ಬೇಕಾದರೆ ಮಾತ್ರೆ.

10/11
ಪುಟ್ಟಿಯನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗುವುದು ಸುಲಭ. ಅಮ್ಮನನ್ನು?

"ನನಗೆಂತ ಹುಚ್ಚಾ?" ಅಂತ ಮೊದಲ ಉತ್ತರ. ಎರಡನೆಯದು "ನೀನು ತಾಯಿಯಾದ ಮೇಲೆ ಗೊತ್ತಾಗ್ತದೆ". ಮೂರನೆಯದಕ್ಕೆ ಉತ್ತರ ಕೊಡುವುದು ನಿಜವಾಗಿ ಕಷ್ಟ: "ಹೆದರಿದ್ದು ಸುಳ್ಳಾ? ಅಪ್ಪ ಬಿದ್ದದ್ದು ಸುಳ್ಳಾ?" ಸುಳ್ಳಲ್ಲ. ಮೈಸೂರಿಗೆ ಹೋಗುವ ರಸ್ತೆಯ ವಿಷಯದಲ್ಲೂ ಅಷ್ಟೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಸಂಪಾಜೆ ರಸ್ತೆ ಮುಚ್ಚಿದ್ದು ನಮಗೆಲ್ಲ ನೆನಪುಂಟು. ಅಮ್ಮನ ಹೆದರಿಕೆಗೆ ಸಾಕ್ಷಿ ಬೇಕಾದಷ್ಟು ಉಂಟು. ಆದರೆ ಅಪ್ಪ ಬಿದ್ದದ್ದು ಮರ ಒದ್ದೆ ಇದ್ದದ್ದಕ್ಕೆ. ಅಮ್ಮ ತವರಿನಲ್ಲಿ ಇದ್ದದ್ದಕ್ಕಲ್ಲ. ಫೋನಿನಿಂದ ಗುಡ್ಡ ನಿಲ್ಲುದಿಲ್ಲ.

ಅಮ್ಮ ಒಪ್ಪಿದ್ದು ನನ್ನ ವಾದದಿಂದ ಅಲ್ಲ. ಪುಟ್ಟಿಯಿಂದ. ಒಂದು ದಿನ ನನ್ನ ಬಸ್ಸು ಲೇಟಾಗಿ ಅಮ್ಮ ಜಗಲಿಯಲ್ಲಿ ಅತ್ತಿತ್ತ ನಡೀವಾಗ ಪುಟ್ಟಿ ಹೇಳಿದಳಂತೆ: "ದೊಡ್ಡಮ್ಮ, ನಿಮ್ಮ ಏಣಿ ಎಲ್ಲಿ?"

ಮೊದಲು 14416ಕ್ಕೆ ಕಾಲ್ ಮಾಡಿದ್ದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ, ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಅಮ್ಮ ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಮಾತಾಡಿದರು, ಎಂತ ಅಂತ ನಾನು ಕೇಳಲಿಲ್ಲ. ಆಮೇಲೆ ಮನೋವೈದ್ಯರನ್ನು ನೋಡಿದರು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರಾಜ್ಯದಲ್ಲಿ ಉಂಟು, ಹೋಗುವ ಮೊದಲು ವಿಚಾರಿಸಿ ಹೋಗಿ. ಮಂಗಳೂರಿನಲ್ಲಿ ವೆನ್ಲಾಕ್ ಉಂಟು. ದೊಡ್ಡ ಸಮಸ್ಯೆಯಾದರೆ ಬೆಂಗಳೂರಿನ ನಿಮ್ಹಾನ್ಸ್.

ಈಗ ಹಾಸ್ಟೆಲಿನವರಿಗೆ ಒಂದು ಮಾತು. ನಮ್ಮ ಊರಿಗೆ ಪಿಯುಸಿಗೆ ಅಂತ ವಿಜಯಪುರ, ರಾಯಚೂರು ಕಡೆಯಿಂದ ಹದಿನಾರು ವರ್ಷಕ್ಕೇ ಬರ್ತೀರಿ. ಮೊದಲ ತಿಂಗಳು ಮನೆ ನೆನಪಾಗಿ ಅಳು ಬರುವುದು ಕಾಯಿಲೆ ಅಲ್ಲ, ಹೆಚ್ಚಿನವರಿಗೆ ತಗ್ಗುತ್ತದೆ. ಫೋನಿಗೆ ಸಮಯ ಇಟ್ಟುಕೊಳ್ಳಿ. ಸಂಕಟ ಆದಾಗಲೆಲ್ಲ ಮಾಡಿದರೆ ಸಂಕಟಕ್ಕೇ ಅಭ್ಯಾಸ ಆಗ್ತದೆ. ಪ್ರತಿ ಶನಿವಾರ ಊರಿಗೆ ಓಡುವುದಕ್ಕಿಂತ ಒಂದು ಶನಿವಾರ ಬಿಟ್ಟು ನೋಡಿ. ಆದರೆ ಊಟ-ನಿದ್ದೆ ಹೋಗಿದೆ, ವಾರಗಟ್ಟಲೆ ಕ್ಲಾಸಿಗೆ ಹೋಗಲಾಗುದಿಲ್ಲ, ಬದುಕುವುದೇ ಬೇಡ ಅಂತ ಒಂದು ಸಲ ಅನಿಸಿದರೂ ಸಾಕು, ಕಾಯಬೇಡಿ. ವಾರ್ಡನ್, ಲೆಕ್ಚರರ್, ನಾನು, ಯಾರಿಗಾದರೂ ಹೇಳಿ. ಅದೇ ನಂಬರ್ 14416.

11/11
ಮೈಸೂರಿನಲ್ಲಿ ನನಗೆ ಎಂಎಸ್ಸಿ ಸೀಟು ಸಿಕ್ಕಿದೆ. ಮಾನಸಗಂಗೋತ್ರಿ. ಹತ್ತಿರದವರಿಗೆ ಬಿಟ್ಟು ಇನ್ನೂ ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಹೋಗ್ತೇನಾ ಅಂತ ನನಗೇ ಗೊತ್ತಿರಲಿಲ್ಲ.

ಅಮ್ಮನ ಏಣಿ ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಉಂಟು, ಅವರದ್ದೇ ಅಕ್ಷರ. ಒಂದು: ಲೈವ್ ಲೊಕೇಶನ್ ಬಂದ್, ತಲುಪಿದ ಮೇಲೆ ಒಂದು ಮೆಸೇಜ್. ಎರಡು: ಬಸ್ಸು ಲೇಟಾದರೆ ಅರ್ಧ ಗಂಟೆ ಕಾದು ಆಮೇಲೆ ಕಾಲ್. ಮೂರು: ಅಪ್ಪ ಪೇಟೆಗೆ, ಫೋನ್ ಇಲ್ಲ. ನಾಲ್ಕನೆಯದು ಅಮ್ಮ ತವರಿನಲ್ಲಿ ಒಂದು ರಾತ್ರಿ. ಇದು ಆದದ್ದು ಆಟಿಯಲ್ಲಿ, ಬೇಕೆಂದೇ. ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದರಂತೆ, ಎದೆ ಬಡಿತ ಎಣಿಸಿಕೊಂಡು. ಫೋನು ಕೈಯಲ್ಲಿತ್ತಂತೆ. ಕಾಲ್ ಬರಲಿಲ್ಲ. ಬೆಳಿಗ್ಗೆ ಅಪ್ಪ ಎಂತದೂ ಆಗದವರ ಹಾಗೆ ಚಾ ಕುಡೀತಾ ಇದ್ದರು, ಆದರೆ ಅವರೂ ನಿದ್ದೆ ಮಾಡಿರಲಿಲ್ಲ, ನನಗೆ ಗೊತ್ತು.

ಐದು, ನಾನು ಮಂಗಳೂರಿನಲ್ಲಿ ಗೆಳತಿಯ ಮನೆಯಲ್ಲಿ ಒಂದು ರಾತ್ರಿ. ಆಯ್ತು. ಆರು, ಮೂರು ರಾತ್ರಿ. ಎರಡನೇ ರಾತ್ರಿ ಹನ್ನೆರಡೂವರೆಗೆ ಐದು ಮಿಸ್ಡ್ ಕಾಲ್. ಒಪ್ಪಂದದ ಪ್ರಕಾರ ನಾನು ತೆಗೀಬಾರದು, ಬೆಳಿಗ್ಗೆ ಏಳಕ್ಕೆ ನಾನೇ ಮಾಡಬೇಕು. ಫೋನ್ ದಿಂಬಿನ ಕೆಳಗೆ ನಡುಗುವಾಗ ಮಲಗಿದ್ದು ಹೇಗೆ ಅಂತ ಕೇಳಬೇಡಿ. ಪ್ರೀತಿಸುವವರ ಕಾಲ್ ತೆಗೀದೇ ಇರುವುದೂ ಚಿಕಿತ್ಸೆ ಅಂತ ಪುಸ್ತಕದಲ್ಲಿ ಓದುವುದು ಬೇರೆ. ಬೆಳಿಗ್ಗೆ ಏಳಕ್ಕೆ ಮಾಡಿದೆ. ಅಮ್ಮ ಹೇಳಿದ್ದು: "ಒಂದೂವರೆಗೆ ನಿದ್ದೆ ಬಂತು. ತನ್ನಿಂದ ತಾನೇ." ಆರನೇ ಮೆಟ್ಟಿಲನ್ನು ಇನ್ನೊಂದು ಸಲ ಮಾಡುವ ಅಂತ ಅವರೇ ಹೇಳಿದರು. ಮಾಡಿದೆವು. ಕಾಲ್ ಎರಡಕ್ಕೆ ಇಳಿಯಿತು.

ಮುಂದಿನ ಸೋಮವಾರ ಬೆಳಿಗ್ಗಿನ ಬಸ್ಸಿಗೆ ಮೈಸೂರು. ಸುಳ್ಯ, ಸಂಪಾಜೆ, ಮಡಿಕೇರಿ. ಘಾಟಿಯಲ್ಲಿ ನೆಟ್‌ವರ್ಕ್ ಹೋಗ್ತದೆ, ಅದನ್ನು ಅಮ್ಮ ಒಂದು ಪ್ರತ್ಯೇಕ ಮೆಟ್ಟಿಲು ಅಂತ ಬರೆದಿದ್ದಾರೆ, ಕೆಳಗೆ ಎರಡು ಗೆರೆ ಎಳೆದು. ಮಡಿಕೇರಿಯಿಂದ ಒಂದು ಮೆಸೇಜ್, ಮೈಸೂರಿನಿಂದ ಒಂದು ಕಾಲ್, ಆಮೇಲೆ ರಾತ್ರಿ ಎಂಟಕ್ಕೆ ಮಾತ್ರ. ಮಾತ್ರೆ ನಡೀತಾ ಉಂಟು, ಮುಂದಿನ ತಿಂಗಳು ಡಾಕ್ಟರ್ ತಿರುಗಿ ನೋಡ್ತಾರೆ.

ಅಮ್ಮ ಬಸ್‌ಸ್ಟ್ಯಾಂಡಿಗೆ ಬರ್ತಾರಾ, ಮನೆಯ ಗೇಟಿನಲ್ಲೇ ಹೇಳಿ ಕಳಿಸ್ತಾರಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಪುಟ್ಟಿ ಗೇಟು ಸಾಕು ಅಂತಾಳೆ.